ಇಫುಗಾವೊಗೆ ಹೋಗುವವರು ಮೊದಲು ಭತ್ತದ ತಿಂಗಳು ನೋಡಿ

ಫಿಲಿಪ್ಪೀನ್ಸ್ ಅಂದರೆ ಕಡಲತೀರ ಅಂತಲೇ ಹೆಚ್ಚಿನವರು ಹೊರಡುತ್ತಾರೆ. ಲುಜಾನ್ ದ್ವೀಪದ ಉತ್ತರಕ್ಕೆ, ಕಾರ್ಡಿಲೆರಾ ಬೆಟ್ಟಸಾಲಿನಲ್ಲಿರುವ ಇಫುಗಾವೊ ಪ್ರಾಂತ್ಯ ಬೇರೆಯದೇ ಲೋಕ. ಕಡಿದಾದ ಬೆಟ್ಟಗಳ ಮೈತುಂಬ ಮೆಟ್ಟಿಲು ಗದ್ದೆ. ಆದರೆ ಅದೇ ಗದ್ದೆ ಒಂದೊಂದು ತಿಂಗಳು ಒಂದೊಂದು ಥರ ಕಾಣುತ್ತದೆ. ಹಾಗಾಗಿ ಟಿಕೆಟ್ ಮಾಡಿಸುವ ಮೊದಲೇ ಬೆಳೆಯ ಲೆಕ್ಕ ಹಾಕಿ.

ಇಲ್ಲಿನ ನಾಟಿ ತಳಿಗೆ ತಿನಾವೊನ್ ಅನ್ನುತ್ತಾರೆ. ವರ್ಷಕ್ಕೆ ಒಂದೇ ಬೆಳೆ. ಚಳಿಗಾಲದಲ್ಲಿ ನಾಟಿ, ಜೂನ್-ಜುಲೈ ಹೊತ್ತಿಗೆ ಕೊಯ್ಲು. ನಾಟಿಗೆ ಮುಂಚೆ ಗದ್ದೆಯಲ್ಲಿ ಬರೀ ನೀರು, ಏಪ್ರಿಲ್-ಮೇನಲ್ಲಿ ದಟ್ಟ ಹಸಿರು, ಜೂನ್ ಕೊನೆಗೆ ಹಳದಿ. ಆಮೇಲೆ ಮಳೆ, ಚಂಡಮಾರುತದ ಕಾಲ. ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ನನ್ನನ್ನು ಕೇಳಿದರೆ ಮೇ ತಿಂಗಳೇ ಸರಿ.

2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರಿಗೆ 14 ದಿನಗಳವರೆಗೆ ವೀಸಾ ಬೇಡ. ವಾಪಸ್ ಟಿಕೆಟ್, ತಂಗುವ ಜಾಗದ ಬುಕಿಂಗ್ ಕೈಯಲ್ಲಿರಲಿ. ಹೊರಡುವ ಮುಂಚೆ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ. ಮನಿಲಾದಿಂದ ಇಫುಗಾವೊದ ಬನಾವೆಗೆ ರಾತ್ರಿ ಬಸ್ಸಿದೆ, ಒಂಬತ್ತು-ಹತ್ತು ಗಂಟೆಯ ದಾರಿ. ಏಸಿ ಬಸ್ಸಿನ ಚಳಿ ಮೂಳೆಗೆ ಇಳಿಯುತ್ತದೆ, ಸ್ವೆಟರ್ ಮರೆಯಬೇಡಿ. ಪೆಸೊ ನೋಟುಗಳನ್ನು ಮನಿಲಾದಲ್ಲೇ ತೆಗೆದಿಟ್ಟುಕೊಳ್ಳಿ. ಹಳ್ಳಿಗಳಲ್ಲಿ ಕಾರ್ಡು ನಡೆಯುವುದಿಲ್ಲ.

ಬನಾವೆ ಸುಮಾರು 1,200 ಮೀಟರ್ ಎತ್ತರದ ಪುಟ್ಟ ಪೇಟೆ. ಅಲ್ಲಿನ ವ್ಯೂಪಾಯಿಂಟ್‌ನಲ್ಲಿ ಫೋಟೋ ತೆಗೆದು ಅವತ್ತೇ ಹಿಂದಿರುಗುವವರು ತುಂಬ ಜನ. ದಯವಿಟ್ಟು ಹಾಗೆ ಮಾಡಬೇಡಿ. 1995ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಐದು ಜಾಗಗಳಲ್ಲಿ ಆ ನೋಟ ಇಲ್ಲವೇ ಇಲ್ಲ. ಬತಾಡ್, ಬಾಂಗಾನ್, ಮಾಯೊಯಾವ್, ಹುಂಗ್ದುವಾನ್, ನಗಕಾದನ್, ಇವೇ ಆ ಐದು.

ಒಂದೇ ಕಡೆ ಹೋಗಲು ಸಮಯವಿದ್ದರೆ ಬತಾಡ್‌ಗೆ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ಜೀಪ್ನಿಯೋ (ಜೀಪಿನಂಥ ಪುಟ್ಟ ಬಸ್ಸು) ಟ್ರೈಸಿಕಲ್ಲೋ (ಪಕ್ಕಕ್ಕೆ ಸೀಟು ಜೋಡಿಸಿದ ಬೈಕು) ರಸ್ತೆ ಮುಗಿಯುವ ತನಕ ಬಿಡುತ್ತದೆ, ಮುಂದೆ ನಡಿಗೆ. ಬೆಟ್ಟ ಅರ್ಧ ವೃತ್ತಾಕಾರವಾಗಿ ಬಾಗಿದೆ. ತಳದಿಂದ ನೆತ್ತಿಯವರೆಗೂ ಗದ್ದೆ. ಇಲ್ಲಿ ಗದ್ದೆಯ ಗೋಡೆ ಕಲ್ಲಿನದು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದಾರೆ. ಓಡಾಡಲು ಆ ಗೋಡೆಯ ಮೇಲಿನ ಬದುವೇ ದಾರಿ. ಒಂದು ಪಾದ ಹಿಡಿಯುವಷ್ಟು ಅಗಲ, ಒಂದು ಕಡೆ ಕೆಸರು, ಇನ್ನೊಂದು ಕಡೆ ಆಳ. ಹಿಡಿತ ಚೆನ್ನಾಗಿರುವ ಬೂಟು ಬೇಕೇ ಬೇಕು. ಎದುರಿಗೆ ಹೊರೆ ಹೊತ್ತವರು ಬಂದರೆ ನೀವೇ ನಿಂತು ದಾರಿ ಬಿಡಿ. ಊರಿನ ಗೈಡ್ ಒಬ್ಬರನ್ನು ಕರೆದುಕೊಳ್ಳಿ, ಬಾಡಿಗೆ ಮೊದಲೇ ಮಾತಾಡಿ. ತಪ್ಪಿಯಾ ಜಲಪಾತಕ್ಕೆ ಇಳಿಯುವ ಮೆಟ್ಟಿಲು ಕಡಿದು, ಹತ್ತುವಾಗ ಸುಸ್ತಾಗುತ್ತದೆ. ಬೆಳಗ್ಗೆಯೇ ಹೋಗಿಬಿಡಿ.

ಹಳೇ ಮನೆ ಕಂಡರೆ ಕಂಬಗಳನ್ನು ಗಮನಿಸಿ. ನಾಲ್ಕು ಕಂಬದ ಮೇಲೆ ನಿಂತ ಮರದ ಮನೆ. ಪ್ರತಿ ಕಂಬದ ಮೇಲ್ಭಾಗಕ್ಕೆ ಮರದ ದಪ್ಪ ಬಳೆ ತೊಡಿಸಿರುತ್ತಾರೆ. ಕಂಬ ಹತ್ತಿ ಬಂದ ಇಲಿಗೆ ಅದನ್ನು ದಾಟಲಾಗುವುದಿಲ್ಲ. ಭತ್ತ ಇಡುವುದು ಮನೆಯೊಳಗೇ ಅಲ್ವಾ!

ಇಷ್ಟೆಲ್ಲ ಗದ್ದೆಗೆ ನೀರೆಲ್ಲಿಂದ ಅಂದರೆ, ತಲೆ ಎತ್ತಿ ನೋಡಿ. ಮೇಲಿರುವ ಕಾಡಿಗೆ ಮುಯೊಂಗ್ ಅನ್ನುತ್ತಾರೆ. ಅದು ಮನೆತನದ ಆಸ್ತಿ, ಜೋಪಾನವಾಗಿ ಕಾಯುತ್ತಾರೆ. ಅದು ಮಳೆ ಹಿಡಿದಿಟ್ಟು ತೊರೆಗೆ ಬಿಡುತ್ತದೆ. ಕಾಲುವೆಯಿಂದ ಮೇಲಿನ ಗದ್ದೆಗೆ, ಅಲ್ಲಿಂದ ಕೆಳಗಿನದಕ್ಕೆ ನೀರು ಇಳಿಯುತ್ತದೆ. ಮೇಲಿನವರು ಗೋಡೆ ರಿಪೇರಿ ಬಿಟ್ಟರೆ ಕೆಳಗಿನವರಿಗೂ ತೊಂದರೆ. ಇಡೀ ಊರು ಕೈಜೋಡಿಸಿದರಷ್ಟೇ ಗದ್ದೆ ಉಳಿಯುತ್ತದೆ. ಕಷ್ಟ ಇರುವುದೂ ಇಲ್ಲೇ. ಯಂತ್ರ ಬರುವುದಿಲ್ಲ, ಎಲ್ಲ ಕೈಕೆಲಸ. ಬೆಳೆದ ಅಕ್ಕಿ ಮನೆಗೇ ಆಗುತ್ತದೆ, ಮಾರಿ ಹಣ ಮಾಡುವಷ್ಟಿಲ್ಲ. ಹುಡುಗರು ಪೇಟೆಗೆ ಹೋಗುತ್ತಾರೆ. ಪಾಳು ಬಿದ್ದ ಗದ್ದೆಗಳಿಂದಾಗಿ 2001ರಲ್ಲಿ ಯುನೆಸ್ಕೊ ಇದನ್ನು ಅಪಾಯದ ಪಟ್ಟಿಗೆ ಹಾಕಿತ್ತು. ದುರಸ್ತಿಯಾದ ಮೇಲೆ 2012ರಲ್ಲಿ ಹೊರಗೆ ತೆಗೆಯಿತು. ಅದಕ್ಕೇ ನಿಮ್ಮ ಖರ್ಚು ಆ ಹಳ್ಳಿಯಲ್ಲೇ ಆಗಲಿ ಅಂತ ಹೇಳುವುದು. ಉಳಿಯುವುದು ಊರವರ ಮನೆಯಲ್ಲಿ, ಊಟ ಅಲ್ಲೇ. ಮರದ ಕೆತ್ತನೆಯೋ ಕೈಮಗ್ಗದ ಬಟ್ಟೆಯೋ ಬೇಕಿದ್ದರೆ ಮಾಡಿದವರಿಂದಲೇ ಕೊಳ್ಳಿ. ಭತ್ತ ಕಾಯುವ ಬುಲುಲ್ ಎಂಬ ಮರದ ಮೂರ್ತಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮನೆಯಲ್ಲಿ ಪೂಜೆಗೊಂಡ ಹಳೆಯದನ್ನು ಯಾರಾದರೂ ಮಾರಲು ತಂದರೆ ಬೇಡ ಅನ್ನಿ.

ಸಸ್ಯಾಹಾರಿಗಳು ಪ್ರತಿ ಊಟಕ್ಕೂ ಮೊದಲೇ ಹೇಳಬೇಕು, ಇಲ್ಲದಿದ್ದರೆ ತರಕಾರಿಯಲ್ಲೂ ಮಾಂಸ ಬೆರೆತಿರುತ್ತದೆ. ಅನ್ನ, ಸೊಪ್ಪು, ಮೊಟ್ಟೆಗೆ ತೊಂದರೆ ಇಲ್ಲ. ತಿನಾವೊನ್ ಅನ್ನ ಸಿಕ್ಕರೆ ಬಿಡಬೇಡಿ.

ಇನ್ನೂ ಸಮಯವಿದ್ದರೆ ಕಿಯಾಂಗಾನ್ ಸೇರಿಸಿಕೊಳ್ಳಿ. ಜಪಾನಿನ ಜನರಲ್ ಯಮಶಿತ 1945ರ ಸೆಪ್ಟೆಂಬರ್ 2ರಂದು ಶರಣಾದ ಊರು ಇದು, ಯುದ್ಧ ಸ್ಮಾರಕವೂ ಇದೆ. ಅಲ್ಲಿಗಿಂತ ಹುಂಗ್ದುವಾನ್‌ನ ಹಾಪಾವೊ ಕಣಿವೆ ನನಗೆ ಹೆಚ್ಚು ಹಿಡಿಸಿತು. ಗದ್ದೆ ಅಗಲ, ನಡಿಗೆ ಸಲೀಸು. ವಯಸ್ಸಾದವರ ಜತೆ ಹೋಗುವವರಿಗೆ ಬತಾಡ್‌ಗಿಂತ ಇದೇ ವಾಸಿ. ಕೊಯ್ಲು ಮುಗಿದ ಮೇಲೆ ಅಲ್ಲಿನವರು ಹೊಳೆಯಲ್ಲಿ ಇಳಿದು ಪುನ್ನುಕ್ ಎಂಬ ಎಳೆದಾಟದ ಆಟ ಆಡುತ್ತಾರೆ. ಕೊಯ್ಲು ಮುಗಿಯುವವರೆಗೂ ದಿನ ಗೊತ್ತಾಗದು, ಬನಾವೆಯಲ್ಲಿ ವಿಚಾರಿಸಿಕೊಂಡು ಹೊರಡಿ. ಹಳ್ಳಿಗಳ ಕಡೆ ಹೋಗುವ ಜೀಪ್ನಿಗಳು ದಿನಕ್ಕೆ ಕೆಲವೇ. ವಾಪಸ್ ಬರುವ ಕೊನೆಯ ಗಾಡಿ ಎಷ್ಟೊತ್ತಿಗೆ ಅಂತ ಇಳಿಯುವಾಗಲೇ ಡ್ರೈವರ್‌ನ ಕೇಳಿ.