ಫೋಟೋದಲ್ಲಿ ಕಂಡ ಕಪ್ಪು ಜಾಗ

ಆ ದಿನ ಬೆಳಿಗ್ಗೆ ಕಣ್ಣಾಸ್ಪತ್ರೆಯ ಗೋಡೆಯ ಬೋರ್ಡಿನ ಕೊನೇ ಸಾಲನ್ನೂ ಓದಿದ್ದೆ. ಬಲಗಣ್ಣಿನಲ್ಲಿ ಒಂದಕ್ಷರಕ್ಕೆ ತಡವರಿಸಿದೆ, ಅಷ್ಟೇ. ಹನ್ನೆರಡು ವರ್ಷದಿಂದ ಶುಗರ್ ಇದ್ದರೂ ಸೂಜಿಗೆ ದಾರ ಪೋಣಿಸಲು ನಾನು ಯಾರನ್ನೂ ಕರೆದವಳಲ್ಲ. ಕನ್ನಡಕದ ನಂಬರ್ ನೋಡಿಸಿಕೊಂಡು ಬರೋಣ ಅಂತ ಹಿಂದಿನ ವಾರ ಹೋದಾಗ ಕಣ್ಣಿನ ಡಾಕ್ಟರು, "ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪದರದಲ್ಲಿ, ಕೆಲವು ಕಡೆ ರಕ್ತ ಓಡುತ್ತಿಲ್ಲ ಅನ್ನಿಸುತ್ತೆ. ಆಂಜಿಯೋಗ್ರಾಮ್ ಮಾಡಿ ನೋಡೋಣ" ಅಂದಿದ್ದರು. ಆಂಜಿಯೋ ಅಂದರೆ ಹಾರ್ಟಿಗೆ ಮಾಡೋದು ಅಲ್ವಾ? ನಾನು ಹಾಗೇ ಅಂದುಕೊಂಡಿದ್ದೆ. ಮಗನಿಗೆ ಫೋನ್ ಮಾಡಿದರೆ ಅವನೂ ಹೆದರಿ ಕೆಲಸಕ್ಕೆ ರಜ ಹಾಕಿ ಬಂದ.

ಹಾರ್ಟಿಗೆ ಮಾಡುವ ಹಾಗೆ ಒಳಗೆ ತೂರಿಸುವುದು ಏನೂ ಇರಲಿಲ್ಲ. ಮೊದಲು ಡ್ರಾಪ್ಸ್. ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಗಿ, ಕೈಯಲ್ಲಿದ್ದ ಚೀಟಿಯ ಅಕ್ಷರಗಳು ಕದಡಿಹೋದವು. ಅಲರ್ಜಿ ಇದೆಯಾ, ಕಿಡ್ನಿ ಹೇಗಿದೆ ಅಂತ ಕೇಳಿ ಸಹಿ ತೆಗೆದುಕೊಂಡರು. ಆಮೇಲೆ ಕ್ಯಾಮೆರಾ ಮುಂದೆ ಗದ್ದ ಊರಿ ಕೂತೆ. ಕೈಯ ನರಕ್ಕೆ ಸೂಜಿ ಹಾಕಿ ಗಾಢ ಕಿತ್ತಳೆ ಬಣ್ಣದ ಔಷಧಿ ಬಿಟ್ಟರು. ಅದರ ಹೆಸರು ಫ್ಲೋರೆಸೀನ್. ಕೈಯಿಂದ ಕಣ್ಣಿಗೆ ಬರಲು ಅದಕ್ಕೆ ಹತ್ತು ಹದಿನೈದು ಸೆಕೆಂಡು ಸಾಕಂತೆ. ನೀಲಿ ಬೆಳಕು ಒಂದರ ಹಿಂದೊಂದು ಫಳ್ ಫಳ್ ಎಂದು ಹೊಡೆಯಿತು. ನಡುವೆ ಒಮ್ಮೆ ವಾಕರಿಕೆ ಬಂದ ಹಾಗಾಯಿತು. "ಉಸಿರು ಜೋರಾಗಿ ಎಳೀರಿ ಅಮ್ಮ, ಈಗ ಹೋಗುತ್ತೆ" ಅಂದಳು ಸಿಸ್ಟರ್. ಹೋಯಿತು ಕೂಡ.

ಬಣ್ಣ ಬಿಟ್ಟು ರೆಟಿನಾದ ರಕ್ತನಾಳಗಳ ಫೋಟೋ ತೆಗೆಯುವ ಈ ವಿಧಾನವನ್ನು ಕಂಡುಹಿಡಿದವರು ನೊವೊಟ್ನಿ, ಆಲ್ವಿಸ್ ಎಂಬ ಇಬ್ಬರು ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳು. 1961ರಲ್ಲಿ ಅದನ್ನು ಪ್ರಕಟಿಸಿದರು. ಮೊದಲ ಚುಚ್ಚುಮದ್ದನ್ನು ತಮ್ಮಲ್ಲೇ ಒಬ್ಬರಿಗೆ ಕೊಟ್ಟುಕೊಂಡು ನೋಡಿದರಂತೆ. ಇದನ್ನು ಆಮೇಲೆ ಓದಿದಾಗ ಆ ಹುಡುಗರ ಬಗ್ಗೆ ನನಗೆ ತುಂಬಾ ಪ್ರೀತಿ ಬಂತು.

ಡಾಕ್ಟರು ಪರದೆಯ ಮೇಲೆ ಫೋಟೋ ತೋರಿಸಿದರು. ನನ್ನ ಮಂಜುಗಣ್ಣಿಗೆ ಸರಿಯಾಗಿ ಕಾಣದೆ ಮೂಗು ತಾಗುವಷ್ಟು ಹತ್ತಿರ ಹೋದೆ, ಆಗಲೂ ಕಾಣಲಿಲ್ಲ. ಅವರು ಪರದೆಯನ್ನು ದೂರ ಸರಿಸಿ, ದೊಡ್ಡದು ಮಾಡಿದರು. ಬೂದು ಬಣ್ಣದ ನೆಲದ ಮೇಲೆ ಬೆಳ್ಳಗೆ ಹೊಳೆಯುವ ರಕ್ತನಾಳಗಳು, ಎಲೆಯನ್ನು ಬೆಳಕಿಗೆ ಹಿಡಿದರೆ ಕಾಣುವ ನರಗಳ ಹಾಗೆ. ಅಲ್ಲಲ್ಲಿ ಚುಕ್ಕಿ ಚುಕ್ಕಿ. ಅವು ಸಣ್ಣ ನಾಳಗಳ ಗೋಡೆ ಉಬ್ಬಿದ ಜಾಗಗಳು. ಅಂಚಿನ ಕಡೆಗೆ ಹೋದ ಹಾಗೆ ನಾಳಗಳು ಮೊಟಕಾಗಿ ನಿಂತುಬಿಟ್ಟಿದ್ದವು. ಅದರಾಚೆ ಕಪ್ಪು. ಏನೂ ಇಲ್ಲ. ಆ ಕಪ್ಪಿನ ಗಡಿಯಲ್ಲಿ ಒಂದು ಕಡೆ ಮಾತ್ರ ಹತ್ತಿ ಹಿಂಜಿ ಇಟ್ಟ ಹಾಗೆ ಬಿಳಿ ಮೋಡ.

"ಬಣ್ಣ ಹೋಗದ ಕಡೆ ರಕ್ತವೂ ಹೋಗುತ್ತಿಲ್ಲ. ಕಪ್ಪು ಇರೋದೆಲ್ಲ ಅದೇ" ಅಂದರು.

"ಆದ್ರೆ ನನಗೆ ಎಲ್ಲ ಕಾಣಿಸ್ತಿದೆಯಲ್ಲ ಡಾಕ್ಟ್ರೇ?"

"ಓದೋದು, ಸೂಜಿ ಪೋಣಿಸೋದು ಎಲ್ಲ ನಡುವಿನ ಒಂದು ಚೂರು ಜಾಗದ ಕೆಲಸ ಅಮ್ಮ. ಅಂಚಿನದು ಹೋದರೆ ನಿಮಗೆ ಗೊತ್ತೇ ಆಗಲ್ಲ. ನೋವೂ ಇರಲ್ಲ."

ನಾಲ್ಕು ವರ್ಷದಿಂದ ನಾನು ಡ್ರಾಪ್ಸ್ ಹಾಕಿಸಿ ನೋಡಿಸಿಕೊಂಡಿರಲಿಲ್ಲ. ವರ್ಷಕ್ಕೊಮ್ಮೆ ನೋಡಿಸಿ ಅಂತ ಶುಗರ್ ಡಾಕ್ಟರು ಪ್ರತಿ ಸಲ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಚೆನ್ನಾಗಿ ಕಾಣಿಸುತ್ತಿದೆ, ಸುಮ್ನೆ ಯಾಕೆ ಹೋಗೋದು ಅಂತ ಬಿಟ್ಟಿದ್ದೆ. ಮಗ ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ರೆಟಿನಾದ ದಪ್ಪ ಸುಮಾರು ಕಾಲು ಮಿಲಿಮೀಟರ್ ಅಷ್ಟೇ. ಆದರೆ ಅದಕ್ಕೆ ಬೇಕಾಗುವ ಆಮ್ಲಜನಕ ಮಾತ್ರ ತುಂಬಾ ಜಾಸ್ತಿ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಕೂದಲಿಗಿಂತ ತೆಳುವಾದ ನಾಳಗಳಿಗೆ ಆಸರೆಯಾಗಿರುವ ಕೋಶಗಳು ಸಾಯುತ್ತವೆ. ಗೋಡೆ ಉಬ್ಬುತ್ತದೆ, ಸೋರುತ್ತದೆ, ಕೊನೆಗೆ ನಾಳವೇ ಮುಚ್ಚಿಹೋಗುತ್ತದೆ. ಉಸಿರುಗಟ್ಟಿದ ರೆಟಿನಾ ಸುಮ್ಮನಿರುವುದಿಲ್ಲ. ನನಗೆ ರಕ್ತ ಬೇಕು ಅಂತ ವಿಇಜಿಎಫ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಆಗ ಹೊಸ ನಾಳ ಹುಟ್ಟುತ್ತವೆ. ಆದರೆ ಅವು ಬಡಕಲು ನಾಳಗಳು. ಒಡೆದರೆ ಕಣ್ಣಿನೊಳಗೆಲ್ಲ ರಕ್ತ ಹರಡುತ್ತದೆ, ಇಲ್ಲವೇ ರೆಟಿನಾವನ್ನೇ ಜಗ್ಗಿ ಕಿತ್ತುಬಿಡುತ್ತವೆ. ನನ್ನ ಫೋಟೋದಲ್ಲಿದ್ದ ಹತ್ತಿಯ ಮೋಡ ಅಂಥ ಹೊಸ ನಾಳಗಳಿಂದ ಸೋರಿದ ಬಣ್ಣ.

ಇದಕ್ಕೆ ಲೇಸರ್ ಮಾಡಬೇಕು ಅಂದರು. ಏನು ಮಾಡುತ್ತೀರಿ ಅಂತ ಕೇಳಿದೆ. ರಕ್ತ ಇಲ್ಲದ ಅಂಚಿನ ಜಾಗವನ್ನು ಚುಕ್ಕಿ ಚುಕ್ಕಿಯಾಗಿ ಸುಡುತ್ತೇವೆ ಅಂದರು. ಹೊಟ್ಟೆಯಲ್ಲಿ ಸಂಕಟವಾಯಿತು. ಉಳಿಸಬೇಕಾದ ಕಣ್ಣನ್ನು ಸುಡುವುದಾ? "ಆ ಜಾಗ ಕೂಗೋದು ನಿಲ್ಲಿಸಿದರೆ ಹೊಸ ನಾಳ ಬಾಡುತ್ತವೆ. ನಡುವಿನ ದೃಷ್ಟಿ ಉಳಿಯುತ್ತೆ" ಅಂದರು. 1976ರಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು, ಇಂಥ ಕಣ್ಣುಗಳಲ್ಲಿ ಲೇಸರ್ ಮಾಡಿದರೆ ದೃಷ್ಟಿ ತೀರಾ ಹೋಗುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ತೋರಿಸಿತ್ತು. ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೂಡ ಇದೆ. ಅದಕ್ಕೆ ತಪ್ಪದೆ ಮತ್ತೆ ಮತ್ತೆ ಬರಬೇಕು. ಯಾವುದು ಮಾಡಿದರೂ ಮುಚ್ಚಿದ ನಾಳ ಮತ್ತೆ ತೆರೆಯುವುದಿಲ್ಲ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಮಾತು ಕೇಳಲು ಕಷ್ಟವಾಯಿತು. ಆದರೂ ಅದನ್ನು ಹೇಳಿದ್ದಕ್ಕೆ ಅವರ ಮೇಲೆ ನಂಬಿಕೆ ಬಂತು.

ನಡುವಿನ ಜಾಗದ ಮಾತು ಕೊನೆಗೆ ಬಂತು. ಎಲ್ಲರ ಕಣ್ಣಲ್ಲೂ ಅಲ್ಲಿ ನಾಳವಿಲ್ಲದ ಒಂದು ಸಣ್ಣ ವೃತ್ತ ಇರುತ್ತದೆ. ನನ್ನ ಬಲಗಣ್ಣಿನಲ್ಲಿ ಅದರ ಅಂಚು ಹರಿದ ಬಟ್ಟೆಯ ಹಾಗೆ ಆಗಿದೆ. ಅದು ಇನ್ನೂ ಅಗಲವಾದರೆ ಲೇಸರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಇಂಜೆಕ್ಷನ್ನೂ ರಕ್ತ ತಂದುಕೊಡುವುದಿಲ್ಲ. ಸಕ್ಕರೆ, ಬಿಪಿ ಹಿಡಿತದಲ್ಲಿ ಇಡುವುದೊಂದೇ. "ಹಾಗಂತ ಒಂದೇ ತಿಂಗಳಲ್ಲಿ ಸಕ್ಕರೆ ಇಳಿಸಲು ಹೋಗಬೇಡಿ. ತುಂಬಾ ಬೇಗ ಇಳಿದರೆ ಸ್ವಲ್ಪ ಕಾಲ ಕಣ್ಣು ಇನ್ನೂ ಕೆಡಬಹುದು" ಅಂದರು. ಇದು ನನಗೆ ಗೊತ್ತೇ ಇರಲಿಲ್ಲ.

ಸಂಜೆಯವರೆಗೂ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಮೈ ಹಳದಿ ತಿರುಗಿತ್ತು, ಮೂತ್ರವೂ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಲೇಸರ್ ಮೂರು ಸಲ ಆಯಿತು. ಹಸಿರು ಬೆಳಕು ನೂರಾರು ಸಲ ಮಿಂಚಿತು. ಕೆಲವು ಕಡೆ ಕಣ್ಣಿನ ಆಳದಲ್ಲಿ ಚುಳ್ ಅಂದಿತು. ಆಮೇಲೆ ಕತ್ತಲಲ್ಲಿ ನೋಟ ಕಮ್ಮಿಯಾಗಿದೆ, ಮೆಟ್ಟಿಲಿಳಿಯುವ ಮುಂಚೆ ದೀಪ ಹಾಕಿಕೊಳ್ಳುತ್ತೇನೆ. ಎರಡು ತಿಂಗಳ ನಂತರದ ಫೋಟೋದಲ್ಲಿ ಕಪ್ಪು ಜಾಗದ ತುಂಬಾ ಸಾಲು ಸಾಲು ಲೇಸರ್ ಕಲೆ. ಹತ್ತಿಯ ಮೋಡ ಮಾತ್ರ ಸಾಸಿವೆಯಷ್ಟಾಗಿತ್ತು.

ಡಾಕ್ಟರು ಕೊಟ್ಟ ಚೌಕಳಿ ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಎಡಗಣ್ಣು ಮುಚ್ಚಿ ನಡುವಿನ ಚುಕ್ಕಿಯನ್ನೇ ನೋಡುತ್ತೇನೆ. ಗೆರೆಗಳು ನೆಟ್ಟಗಿವೆಯಾ, ಎಲ್ಲಾದರೂ ಮಾಸಿವೆಯಾ ಅಂತ. ಆಮೇಲೆ ಬಲಗಣ್ಣು ಮುಚ್ಚುತ್ತೇನೆ. ಮುಂದಿನ ತಪಾಸಣೆಯ ದಿನವನ್ನು ಮಗ ಆ ಹಾಳೆಯ ಕೆಳಗೇ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ.