ಬಸ್ಸಿಗೇ ಮೀಸಲಾದ ದಾರಿ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ರಸ್ತೆಯ ನಟ್ಟನಡುವಿನ ಪಥಗಳನ್ನು ‘ಚಿಗರಿ’ ಬಸ್ಸುಗಳಿಗೆಂದೇ ಬಿಟ್ಟುಕೊಟ್ಟಿರುವ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ವ್ಯವಸ್ಥೆಯನ್ನು, ಕಾರಿನಲ್ಲಿ ಓಡಾಡುವ ನನ್ನ ಗೆಳೆಯರಲ್ಲಿ ಹಲವರು ಇಂದಿಗೂ ಜಾಗದ ಪೋಲು ಎಂದೇ ಬಗೆಯುತ್ತಾರೆ. ಪಕ್ಕದಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುವಾಗ ಬಸ್ ಪಥ ಖಾಲಿಯಾಗಿ ಕಾಣುವುದು ನಿಜ. ಆದರೆ ತುಂಬಿದ ಬಸ್ಸು ದಟ್ಟಣೆಯಲ್ಲಿ ಸಿಲುಕದೆ ಸಾಗಿಹೋಗುವುದರಿಂದಲೇ ಅದು ಹಾಗೆ ಕಾಣುತ್ತದೆ. ರಸ್ತೆಯ ಉಪಯುಕ್ತತೆಯನ್ನು ಅಳೆಯಬೇಕಾದದ್ದು ಅದರ ಮೇಲೆ ಸಾಗುವ ಜನರ ಎಣಿಕೆಯಿಂದ.

2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2020ರ ಫೆಬ್ರವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ, ಸುಮಾರು 22 ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ನಿಲ್ದಾಣಗಳ ರಚನೆ. ಟಿಕೆಟ್ಟನ್ನು ನಿಲ್ದಾಣದಲ್ಲಿಯೇ ಕೊಳ್ಳುವುದರಿಂದ ಬಸ್ಸಿನೊಳಗೆ ಚಿಲ್ಲರೆಯ ತಕರಾರಿಲ್ಲ. ಪ್ಲಾಟ್‌ಫಾರ್ಮ್ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಮಂಡಿನೋವಿನ ಹಿರಿಯರೂ ಮೆಟ್ಟಿಲು ಹತ್ತುವ ಕಷ್ಟವಿಲ್ಲದೆ ಒಳಸೇರುತ್ತಾರೆ. ನಿಲ್ದಾಣಗಳ ಬಳಿ ಹೆಚ್ಚುವರಿ ಪಥವಿರುವ ಕಾರಣ, ನಿಂತ ಬಸ್ಸನ್ನು ಹಿಂದಿಕ್ಕಿ ತಡೆರಹಿತ ಬಸ್ಸು ಮುಂದೆ ಹೋಗಬಲ್ಲದು.

ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರ ಮತ್ತು ಮೂಲಚಂದ್ ನಡುವೆ ಆರಂಭವಾದ ಇಂಥದೇ ಮಾರ್ಗವನ್ನು, ಕಾರಿನವರ ವಿರೋಧದ ನಡುವೆ, ಕೊನೆಗೆ ಕಿತ್ತುಹಾಕಲಾಯಿತು. ನಮ್ಮಲ್ಲಿ ಹಾಗಾಗಬಾರದು.

ನನ್ನ ಆಕ್ಷೇಪಣೆಯೇ ಬೇರೆ. ನಡುರಸ್ತೆಯ ನಿಲ್ದಾಣವನ್ನು ತಲುಪಲು ಪ್ರಯಾಣಿಕರು ಇತರ ವಾಹನಗಳು ರಭಸದಿಂದ ಬರುವ ಪಥವನ್ನು ದಾಟಬೇಕಾಗುತ್ತದೆ. ಶಾಲೆಯ ಮಕ್ಕಳೂ ವೃದ್ಧರೂ ಅವಸರವಿಲ್ಲದೆ ದಾಟುವಷ್ಟು ಹೊತ್ತು ಆ ವಾಹನಗಳನ್ನು ತಡೆದು ನಿಲ್ಲಿಸುವ ಸಿಗ್ನಲ್ ಪ್ರತಿ ನಿಲ್ದಾಣದ ಮುಂದೆಯೂ ಇರಲೇಬೇಕು.