ಅಕ್ವೇರಿಯಮಿನ ಇಳಿನೀರು: ಮೂರು ಪೈಪಿನ ಲೆಕ್ಕ

ಕಾಸರಗೋಡಿನ ಬದಿಯಡ್ಕದ ಈ ತೊಟ್ಟಿಯ ಕೆಲಸ ಗಾಜು, ಸ್ಟ್ಯಾಂಡು ಮುಗಿದು ಪೈಪಿನ ಹಂತಕ್ಕೆ ಬಂದಿದೆ. ತೊಟ್ಟಿಯ ಒಳ ಅಳತೆ 120×45×45 ಸೆಂ.ಮೀ., ಗಾಜಿನ ದಪ್ಪ 10 ಮಿ.ಮೀ. ಸ್ಟ್ಯಾಂಡಿನೊಳಗಿನ ಸಂಪ್, ಅಂದರೆ ಕೆಳಗಿನ ಸಣ್ಣ ತೊಟ್ಟಿ, ಒಳಗೆ 60×35×35 ಸೆಂ.ಮೀ. ಪಂಪು ಸಂಪಿನ ನೀರನ್ನು ಮೇಲಿನ ತೊಟ್ಟಿಗೆ ಎತ್ತುತ್ತದೆ, ತೊಟ್ಟಿಯ ನೀರು ಪೈಪಿನಲ್ಲಿ ಮತ್ತೆ ಸಂಪಿಗೆ ಇಳಿಯುತ್ತದೆ. ಮೇಲೆ 4 ಸೆಂ.ಮೀ. ಖಾಲಿ ಬಿಟ್ಟರೆ ತೊಟ್ಟಿಯಲ್ಲಿ ನಿಲ್ಲುವ ನೀರು ಸುಮಾರು 220 ಲೀಟರ್. ಸಾಕಲಿರುವುದು ಮಿಸ್ ಕೇರಳ ಮೀನು. ಘಟ್ಟದ ಹೊಳೆಯ ಜಾತಿಯಾದ್ದರಿಂದ ಅದಕ್ಕೆ ಹರಿವೂ ಬೇಕು, ಆಮ್ಲಜನಕವೂ ಬೇಕು. ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು ಇದು. ಹೊಳೆಯಿಂದ ಹಿಡಿದದ್ದನ್ನು ಕೊಳ್ಳದೆ ಸಾಕಣೆಯಲ್ಲಿ ಮರಿಯಾದದ್ದನ್ನೇ ತರಬೇಕು.

ಪಂಪಿನ ಡಬ್ಬಿಯ ಮೇಲೆ ಗಂಟೆಗೆ 3500 ಲೀಟರ್ ಎಂದಿದೆ. ಅದು ನೀರನ್ನು ಎತ್ತುವ ಕೆಲಸವೇ ಇಲ್ಲದಾಗಿನ ಲೆಕ್ಕ. ಇಲ್ಲಿ 1.3 ಮೀಟರ್ ಎತ್ತಬೇಕು, ದಾರಿಯಲ್ಲಿ ಎರಡು ಎಲ್ಬೋ, 25 ಮಿ.ಮೀ. ಪೈಪು. ಗುಡ್ಡಕ್ಕೆ ಕೊರೆದ ಸುರಂಗದ ನೀರು ಎಷ್ಟು ಬರುತ್ತದೆಂದು ಕೊಡಪಾನ ಹಿಡಿದು ನೋಡುವ ಹಾಗೆ, ಪೈಪಿನ ಮೇಲ್ತುದಿಗೆ ಬಕೆಟ್ ಹಿಡಿದು ಅಳೆಯುವುದೇ ಸರಿಯಾದ ದಾರಿ. 10 ಲೀಟರ್ ತುಂಬಲು 20 ಸೆಕೆಂಡು, ಅಂದರೆ ಗಂಟೆಗೆ 1800 ಲೀಟರ್. ತೊಟ್ಟಿಯ ನೀರು ಗಂಟೆಗೆ ಎಂಟು ಸಲ ಸುತ್ತಿದಂತೆ. ಈ ಮೀನಿಗೆ ಅಷ್ಟು ಸಾಕು.

ಬಕೆಟ್ ವಿಚಾರದಲ್ಲಿ ಒಂದು ಮಾತು. ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಬೋರ್ಡೋ ಕಲಸಿದ ಬಕೆಟ್, ಡ್ರಮ್ಮು, ಹೋಸು ಯಾವುದೂ ಈ ಕೆಲಸಕ್ಕೆ ಬೇಡ. ಮೈಲುತುತ್ತಿನ ತಾಮ್ರ ಸ್ವಲ್ಪ ಉಳಿದಿದ್ದರೂ ಸಿಗಡಿ, ಬಸವನಹುಳು ಮೊದಲು ಸಾಯುತ್ತವೆ, ಮೀನಿಗೂ ಕೇಡು. ಅಕ್ವೇರಿಯಮಿಗೆಂದೇ ಹೊಸ ಬಕೆಟ್ ತೆಗೆದಿಡಿ.

ಇನ್ನು ಮುಖ್ಯ ಸಂಗತಿ. ಪಂಪು ಎತ್ತುವಷ್ಟೇ ನೀರು ಇಳಿಯುವ ಹಾಗೆ ಪೈಪಿನ ಅಳತೆ ಹುಡುಕುತ್ತ ಕೂತರೆ ಅದು ಸಿಗುವುದಿಲ್ಲ. 32 ಮಿ.ಮೀ. ಪೈಪು ಗಾಳಿಯಿಲ್ಲದೆ ಪೂರ್ತಿ ತುಂಬಿ ಹರಿದರೆ, 70–75 ಸೆಂ.ಮೀ. ಇಳಿತದಲ್ಲಿ ಗಂಟೆಗೆ ಸುಮಾರು 3000 ಲೀಟರ್ ಎಳೆಯುತ್ತದೆ. ಪಂಪು ಕೊಡುವುದು 1800. ಆಗ ಪೈಪಿನ ಬಾಯಿಯ ಬಳಿ ನೀರು ಇಳಿದು ಗಾಳಿ ಹೊಕ್ಕು ಗಳಗಳ ಸದ್ದು ಶುರು. ವಾಲ್ವ್ ತಿರುಗಿಸಿ ಸರಿಯಾಗಿ 1800ಕ್ಕೆ ತಂದು ನಿಲ್ಲಿಸಿದಿರಿ ಎನ್ನೋಣ. ನಾಳೆ ಪಂಪಿಗೆ ಸ್ವಲ್ಪ ಪಾಚಿ ಕಟ್ಟಿದರೆ ಮತ್ತೆ ಸದ್ದು, ಪೈಪಿನ ಬಾಯಿಗೆ ಎಲೆಯೊಂದು ಸಿಕ್ಕಿದರೆ ನೆಲವೆಲ್ಲ ನೀರು. ಆದ್ದರಿಂದಲೇ ಇಲ್ಲಿ ಇಳಿಯುವ ದಾರಿ ಮೂರು.

ಮೊದಲನೆಯದು ಪೂರ್ತಿ ತುಂಬಿ ಹರಿಯುವ ಪೈಪು, ಕೆಳಗೆ ಅದಕ್ಕೊಂದು ಗೇಟ್ ವಾಲ್ವ್. ಎರಡನೆಯದರ ಬಾಯಿ ಅದಕ್ಕಿಂತ ಮೇಲೆ. ವಾಲ್ವ್ ಇಲ್ಲ, ಪೈಪಿನ ಒಳಗೋಡೆಗುಂಟ ತೆಳ್ಳಗೆ ನೀರು ಜಾರುತ್ತದೆ, ನಡುವೆ ಗಾಳಿ. ಮೂರನೆಯದು ಇನ್ನೂ 2 ಸೆಂ.ಮೀ. ಮೇಲೆ, ಯಾವಾಗಲೂ ಒಣಗಿಯೇ ಇರಬೇಕು. ಮೂರೂ 32 ಮಿ.ಮೀ. ಮೂರನೆಯದಕ್ಕೆ ಜಾಲರಿ ಹಾಕಬಾರದು. ಕಟ್ಟಿಕೊಂಡರೆ ಅದು ಇದ್ದೂ ಇಲ್ಲದ ಹಾಗೆ.

ವಾಲ್ವಿನ ಆಯ್ಕೆಯಲ್ಲಿ ರಾಜಿ ಬೇಡ. ಬಾಲ್ ವಾಲ್ವ್ ಕಾಲು ಸುತ್ತಿನಲ್ಲಿ ಪೂರ್ತಿ ತೆರೆದು ಮುಚ್ಚುತ್ತದೆ. ಹಿಡಿಯನ್ನು ಕೂದಲೆಳೆಯಷ್ಟು ಜರುಗಿಸಿದರೂ ಹರಿವು ತುಂಬ ಬದಲಾಗುತ್ತದೆ. ಗೇಟ್ ವಾಲ್ವ್ ಹಲವು ಸುತ್ತು ತಿರುಗುವುದರಿಂದ ನಯವಾಗಿ ಹೊಂದಿಸಬಹುದು. ಅಂಗಡಿಯಲ್ಲಿ ಮೊದಲು ತೋರಿಸುವುದು ಹಿತ್ತಾಳೆಯದ್ದು. ಅದರಲ್ಲಿ ತಾಮ್ರವೂ ಸತುವೂ ಇವೆ, ಬೇಡ. ಪಿವಿಸಿಯದ್ದನ್ನೇ ಕೇಳಿ ತರಿಸಿ. ವಾಲ್ವನ್ನು ಸಂಪಿನ ಹತ್ತಿರ, ಕೈಗೆಟಕುವಲ್ಲಿ ಕೂರಿಸಿ ಅದರ ಮೇಲೊಂದು ಯೂನಿಯನ್ ಕೊಟ್ಟಿದೆ. ಕಟ್ಟಿಕೊಂಡಾಗ ಗರಗಸ ಹಿಡಿಯದೆ ಬಿಚ್ಚಬಹುದು. ಕೊಳವೆಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಈ ಯೂನಿಯನ್ ಬೇಕೇ ಬೇಕು. ವಾಲ್ವಿನ ಸಂದಿಯಲ್ಲಿ ಕೆಂಪು ಲೋಳೆ ಕೂರುತ್ತದೆ.

ಹಿಂಬದಿ ಗಾಜಿನಲ್ಲಿ ಮೂರು ತೂತು ಕೊರೆದಾಯಿತು. ಟೆಂಪರ್ಡ್ ಗಾಜನ್ನು ಕೊರೆಯಲು ಹೋಗಬೇಡಿ, ಪುಡಿಪುಡಿಯಾಗುತ್ತದೆ. ತೂತಿನಲ್ಲಿ ಪೈಪು ಕೂರಿಸುವ ಟ್ಯಾಂಕ್ ಕನೆಕ್ಟರನ್ನು ಮೊದಲೇ ತಂದು ಅದರ ತಿರುಪಿನ ಭಾಗದ ಹೊರವ್ಯಾಸ ಅಳೆದು, 1–2 ಮಿ.ಮೀ. ದೊಡ್ಡ ಡೈಮಂಡ್ ಹೋಲ್‌ಸಾ ಕೊಳ್ಳಬೇಕು. ಅಂಚಿನಿಂದಲೂ ಪಕ್ಕದ ತೂತಿನಿಂದಲೂ ಕಡಿಮೆಯೆಂದರೆ ಒಂದು ತೂತಿನ ಅಗಲದಷ್ಟು ಗಾಜು ಉಳಿಯಲಿ. ಡ್ರಿಲ್ ನಿಧಾನ ಓಡಲಿ, ನೀರು ಬಿಡುತ್ತಲೇ ಇರಿ, ಆಚೆ ಬದಿಗೆ ಟೇಪು ಅಂಟಿಸಿ. ಕೊನೆಯ 2 ಮಿ.ಮೀ.ಗೆ ಕೈಯ ಭಾರವನ್ನೂ ತೆಗೆಯಬೇಕು. ಗಾಜು ಚಕ್ಕೆ ಏಳುವುದು ಅಲ್ಲೇ. ಕನೆಕ್ಟರಿನ ರಬ್ಬರ್ ವಾಷರ್ ನೀರಿನ ಬದಿಗೆ ಬರಬೇಕು. ನಟ್ಟು ಕೈಯಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು, ಅಷ್ಟೇ. ಅಂಟಿಸಿದ ಪೈಪಿಗೆ ಒಂದು ದಿನ ನೀರು ತೋರಿಸಬಾರದು.

ತೊಟ್ಟಿಯೊಳಗಿನ ಓವರ್‌ಫ್ಲೋ ಪೆಟ್ಟಿಗೆ 30 ಸೆಂ.ಮೀ. ಉದ್ದ, 10 ಅಗಲ. ಮೊದಲ ಪೈಪಿನ ಎಲ್ಬೋ ಅದರಲ್ಲಿ ಕೆಳಮುಖವಾಗಿದೆ. ಬಾಯಿಯ ಮೇಲೆ ಕಡಿಮೆಯೆಂದರೆ 6 ಸೆಂ.ಮೀ. ನೀರು ನಿಲ್ಲಬೇಕು, ಇಲ್ಲವಾದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಸಂಪಿನಲ್ಲಿ ಅದೇ ಪೈಪಿನ ತುದಿ 2–3 ಸೆಂ.ಮೀ. ಮಾತ್ರ ಮುಳುಗಿರಲಿ. ಹೆಚ್ಚು ಮುಳುಗಿದರೆ ಒಳಗಿನ ಗಾಳಿ ಹೊರಬರಲಾರದೆ ಪೈಪು ತುಂಬುವುದೇ ಇಲ್ಲ. ಅಡ್ಡ ಓಡುವ ಪೈಪೂ ಗಾಳಿಯನ್ನು ಹಿಡಿದಿಡುತ್ತದೆ, ಹಾಗಾಗಿ ಅಡ್ಡ ಹೋಗಲೇಬೇಕಾದಲ್ಲಿ ಚೆನ್ನಾಗಿ ಇಳಿಜಾರು ಕೊಡಿ. ಮೂರನೆಯ ಪೈಪಿನ ತುದಿಯನ್ನು ಸಂಪಿನ ನೀರಿಗಿಂತ ಮೇಲೆಯೇ ನಿಲ್ಲಿಸಿದೆ. ಅದರಲ್ಲಿ ನೀರು ಬಂದರೆ ಧಪಧಪ ಸದ್ದು ಮನೆಯವರಿಗೆಲ್ಲ ಕೇಳಬೇಕು.

ಹೊಂದಿಸುವ ಕ್ರಮ ಹೀಗೆ. ಪಂಪು ಪೂರ್ತಿ ಓಡಲಿ, ಗೇಟ್ ವಾಲ್ವೂ ಪೂರ್ತಿ ತೆರೆದಿರಲಿ. ಪೆಟ್ಟಿಗೆಯ ನೀರು ಇಳಿದು ಸದ್ದು ಬರುತ್ತದೆ. ಈಗ ವಾಲ್ವನ್ನು ಕಾಲು ಸುತ್ತು ಮುಚ್ಚಿ, ಐದು ನಿಮಿಷ ಬಿಟ್ಟು ನೋಡಿ, ಮತ್ತೆ ಕಾಲು ಸುತ್ತು. ಪೆಟ್ಟಿಗೆಯಲ್ಲಿ ನೀರು ನಿಧಾನ ಏರಿ ಎರಡನೆಯ ಪೈಪಿನ ಅಂಚು ದಾಟಿ ಒಳಗೆ ತೆಳ್ಳಗೆ ಜಾರತೊಡಗಿದಾಗ ಕೈ ತೆಗೆಯಿರಿ. ಆ ಪೈಪಿನ ತುದಿಗೆ ಒಂದು ಲೀಟರಿನ ಜಗ್ ಹಿಡಿದರೆ 24 ಸೆಕೆಂಡಿಗೆ ತುಂಬುತ್ತದೆ. ಗಂಟೆಗೆ 150 ಲೀಟರ್, ಒಟ್ಟು ಹರಿವಿನ ಹನ್ನೆರಡನೇ ಒಂದು ಪಾಲು. 20ರಿಂದ 30 ಸೆಕೆಂಡಿನ ನಡುವೆ ಎಲ್ಲಿದ್ದರೂ ಸರಿಯೇ. ಆ ಹೊತ್ತಿಗೆ ಸದ್ದು ಪೂರ್ತಿ ನಿಂತಿರುತ್ತದೆ.

ಈ ಸಣ್ಣ ಜಾರುನೀರೇ ಇಡೀ ವ್ಯವಸ್ಥೆಯ ಮಾಪಕ. ಅದು ಹೆಚ್ಚಿದರೆ ಮೊದಲ ಪೈಪು ಕಟ್ಟುತ್ತಿದೆ ಎಂದರ್ಥ: ಜಾಲರಿ, ವಾಲ್ವ್ ನೋಡಿ. ಅದು ನಿಂತರೆ ಪಂಪಿನ ಹರಿವು ತಗ್ಗಿದೆ: ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆ) ತೆಗೆದು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಎರಡರಲ್ಲಿ ಯಾವುದಾದರೂ ವಾಲ್ವ್ ಮುಟ್ಟಬೇಡಿ. ಸದ್ದು ಬಂದಾಗಲೆಲ್ಲ ವಾಲ್ವ್ ತಿರುಗಿಸುವವರಿಗೆ ಮೂಲ ತೊಂದರೆ ಎಲ್ಲಿದೆ ಎಂಬುದು ಕೊನೆಗೂ ತಿಳಿಯುವುದಿಲ್ಲ.

ಎರಡನೆಯ ಪೈಪಿನ ನೆತ್ತಿಗೆ ಸಣ್ಣ ಗಾಳಿಕೊಳವೆ ಹಾಕಿ, ಅದರ ತೆರೆದ ತುದಿಯನ್ನು ಮೂರನೆಯ ಪೈಪಿನ ಬಾಯಿಗಿಂತ ತುಸು ಕೆಳಗೆ ನಿಲ್ಲಿಸಿದೆ. ಮೊದಲ ಪೈಪು ಪೂರ್ತಿ ಕಟ್ಟಿದರೆ ಪೆಟ್ಟಿಗೆಯ ನೀರು ಏರಿ ಆ ತುದಿಯನ್ನು ಮುಚ್ಚುತ್ತದೆ. ಗಾಳಿ ನಿಂತ ಕೂಡಲೇ ಎರಡನೆಯ ಪೈಪೇ ತುಂಬಿ ಹರಿದು ಅಷ್ಟೂ ನೀರನ್ನು ಎಳೆಯುತ್ತದೆ. ಪರೀಕ್ಷೆಗೆ ಮೊದಲ ಪೈಪಿನ ವಾಲ್ವ್ ಪೂರ್ತಿ ಮುಚ್ಚಿ ನೋಡಬೇಕು. ಆಮೇಲೆ ಎರಡನೆಯದರ ಬಾಯಿಯನ್ನೂ ಬಟ್ಟೆಯಿಂದ ಮುಚ್ಚಿ, ಮೂರನೆಯದು ಒಂದೇ ನಿಭಾಯಿಸುತ್ತದೆಯೇ ನೋಡಬೇಕು. ಇಲ್ಲಿ ಎರಡೂ ಆಗಿದೆ, ಹನಿ ನೀರು ಹೊರಗೆ ಬಿದ್ದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವುದು ನಮ್ಮಲ್ಲಿ ಹೊಸತಲ್ಲ. ಆದ್ದರಿಂದ ನಿಂತ ಪಂಪಿನ ಲೆಕ್ಕವೂ ಬೇಕು. ಮೇಲಿನ ತೊಟ್ಟಿಯಲ್ಲಿ 1 ಸೆಂ.ಮೀ. ನೀರೆಂದರೆ 5.4 ಲೀಟರ್. ಪಂಪು ಓಡುವಾಗ ನೀರು ಪೆಟ್ಟಿಗೆಯೊಳಗೆ ಇಳಿಯುವ ಅಂಚಿನ ಹಲ್ಲುಗಳ ಮೇಲೆ ಸುಮಾರು 1 ಸೆಂ.ಮೀ. ನೀರು ನಿಂತಿರುತ್ತದೆ, ಅದು ಇಳಿಯುತ್ತದೆ. ಪೆಟ್ಟಿಗೆಯಿಂದ 3, ಪೈಪುಗಳಿಂದ 1 ಲೀಟರ್ ಸೇರಿ ಒಟ್ಟು ಸುಮಾರು 9.5 ಲೀಟರ್. ಸಂಪಿನಲ್ಲಿ 1 ಸೆಂ.ಮೀ.ಗೆ 2.1 ಲೀಟರ್, ಅಂದರೆ ನಾಲ್ಕೂವರೆ ಸೆಂ.ಮೀ. ಏರಿಕೆ. ಸರಾಸರಿ ಮಟ್ಟ 23 ಸೆಂ.ಮೀ. ಇರುವುದರಿಂದ ಜಾಗ ಧಾರಾಳ. ಆದರೆ ಪಂಪಿನ ನೀರು ತೊಟ್ಟಿಗೆ ಬೀಳುವ ನಳಿಗೆಯ ಬಾಯಿ 5 ಸೆಂ.ಮೀ. ಆಳದಲ್ಲಿದ್ದು ತಡೆಯಿಲ್ಲದಿದ್ದರೆ ತೊಟ್ಟಿಯಿಂದಲೇ 27 ಲೀಟರ್ ಹಿಂದಕ್ಕೆ ಬರುತ್ತದೆ. ಸಂಪಿನಲ್ಲಿ ಖಾಲಿ ಇರುವುದು 25. ಅದಕ್ಕೆ ಪಂಪಿನಿಂದ ಮೇಲೆ ಬರುವ ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟದಿಂದ 1 ಸೆಂ.ಮೀ. ಕೆಳಗೆ 4 ಮಿ.ಮೀ. ತೂತು ಕೊರೆದಿದೆ. ಮಟ್ಟ ಅಲ್ಲಿಗೆ ಇಳಿದೊಡನೆ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಪಾಚಿ, ಬಸವನಹುಳು ಈ ತೂತನ್ನು ಮುಚ್ಚುತ್ತವೆ, ತಿಂಗಳಿಗೊಮ್ಮೆ ಕಡ್ಡಿ ಆಡಿಸಬೇಕು. ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವನ್ನೇ ನಂಬಿ ಇದನ್ನು ಬಿಡುವುದು ಸರಿಯಲ್ಲ. ಅದರ ಬಾಯಿಗೆ ಒಂದು ಕಸ ಸಿಕ್ಕಿದರೂ ಸೋರುತ್ತದೆ.

ತಿರುಗಾಮುರುಗಾ ಲೆಕ್ಕವೂ ಉಂಟು. ಮೂರೂ ಪೈಪು ಕಟ್ಟಿ ಪಂಪು ಓಡುತ್ತಲೇ ಇದ್ದರೆ? ಸಂಪಿನೊಳಗೆ ಪಂಪು ಕೂತಿರುವ ಕೋಣೆ 20×35 ಸೆಂ.ಮೀ. ನೀರು 20ರಿಂದ 6 ಸೆಂ.ಮೀ.ಗೆ ಇಳಿದರೆ ಪಂಪು ಗಾಳಿ ಎಳೆಯುತ್ತದೆ. ಅಷ್ಟರಲ್ಲಿ ಮೇಲೆ ಹೋಗುವುದು 9.8 ಲೀಟರ್, ತೊಟ್ಟಿ ಏರುವುದು 2 ಸೆಂ.ಮೀ.ಗಿಂತ ಕಡಿಮೆ. ಮೇಲೆ ಖಾಲಿ ಬಿಟ್ಟದ್ದು 4.

ಕರೆಂಟು ಬಂದಾಗ ಮೊದಲ ಪೈಪಿನ ಗಾಳಿ ಹೋಗಲು ಒಂದು ಒಂದೂವರೆ ನಿಮಿಷ ಬೇಕು. ಅಷ್ಟು ಹೊತ್ತು ಎರಡನೆಯದು ಗದ್ದಲ ಮಾಡುತ್ತ ನೀರು ಇಳಿಸುತ್ತದೆ, ಗಾಬರಿ ಬೇಡ. ಐದು ನಿಮಿಷವಾದರೂ ನಿಲ್ಲದಿದ್ದರೆ ಸಂಪಿನಲ್ಲಿ ಪೈಪಿನ ತುದಿ ಹೆಚ್ಚು ಮುಳುಗಿದೆಯೇ ನೋಡಿ.

ಉಳಿದ ಕೆಲಸ ನೀರು ಆರುವುದರ ಪರಿಹಾರ. ಮಾರ್ಚ್–ಏಪ್ರಿಲಿನ ಸೆಕೆಯಲ್ಲಿ ದಿನಕ್ಕೆ 2–3 ಲೀಟರ್ ಆರಬಹುದು. ಆ ಇಳಿಕೆ ಪೂರ್ತಿ ಪಂಪಿನ ಕೋಣೆಯಲ್ಲೇ ಕಾಣುತ್ತದೆ, 3 ಲೀಟರಿಗೆ 4 ಸೆಂ.ಮೀ.ಗೂ ಮೇಲೆ. ಪಕ್ಕದಲ್ಲಿ 15 ಲೀಟರಿನ ಡಬ್ಬಿ ಇಟ್ಟು, ಪಂಪಿನ ಕೋಣೆಯಲ್ಲಿ ಸಣ್ಣ ಫ್ಲೋಟ್ ವಾಲ್ವ್ ಕೂರಿಸಲಿದೆ. ಅದನ್ನು ನೇರವಾಗಿ ಮನೆಯ ಮೇಲಿನ ಟ್ಯಾಂಕಿಗೆ ಜೋಡಿಸುವುದಿಲ್ಲ. ಫ್ಲೋಟ್ ಸಿಕ್ಕಿಕೊಂಡರೂ ಬರುವುದು ಹೆಚ್ಚೆಂದರೆ 15 ಲೀಟರ್, ಸಂಪಿನಲ್ಲಿ ಅದಕ್ಕೆ ಜಾಗವಿದೆ. ಆದರೆ ಅದೇ ಹೊತ್ತಿಗೆ ಕರೆಂಟೂ ಹೋದರೆ 9.5 ಸೇರಿ 24.5 ಆಗುತ್ತದೆ, 25ರ ಅಂಚಿಗೇ ಬಂದಂತೆ. ಹಾಗಾಗಿ ಡಬ್ಬಿಯಲ್ಲಿ 10 ಲೀಟರಿಗೆ ಗೆರೆ ಹಾಕಿ ಅಷ್ಟೇ ತುಂಬಿಸುವುದು.